ಆರು ಗಂಟೆಗೆ ಎಷ್ಟು ಡಾಲರ್ ಕೊಡಬಹುದು?

ಆಗಸ್ಟ್ ಬಂತೆಂದರೆ ಬೇ ಏರಿಯಾದ ಕನ್ನಡಿಗರ ಮನೆಗಳಲ್ಲಿ ಒಂದೇ ಮಾತು: ಡಿಸೆಂಬರ್ ಟಿಕೆಟ್ ಆಯ್ತಾ? ನಾನ್‌ಸ್ಟಾಪಾ, ಒನ್ ಸ್ಟಾಪಾ? ಎಲ್ಲರೂ ದರ ನೋಡುತ್ತಾರೆ. ನಾವು ಮೊದಲು ದೂರ ನೋಡೋಣ.

ಸ್ಯಾನ್ ಫ್ರಾನ್ಸಿಸ್ಕೋದಿಂದ ಬೆಂಗಳೂರಿಗೆ ಸುಮಾರು 14,000 ಕಿ.ಮೀ. 2021ರ ಜನವರಿಯಲ್ಲಿ ಏರ್ ಇಂಡಿಯಾದ ಮೊದಲ ನೇರ ವಿಮಾನವನ್ನು ಮಹಿಳಾ ಪೈಲಟ್‌ಗಳೇ ಉತ್ತರ ಧ್ರುವದ ಮೇಲಿಂದ ತಂದು, ಸುಮಾರು 17 ಗಂಟೆಯಲ್ಲಿ ಇಳಿಸಿದ್ದರು. ದುಬೈ ಮೂಲಕ ಹೋದರೆ 13,000 ಮತ್ತು 2,700, ಒಟ್ಟು 15,700 ಕಿ.ಮೀ. ಹೆಚ್ಚಾಗಿದ್ದು 1,700 ಮಾತ್ರ. ಗಂಟೆಗೆ 900 ಕಿ.ಮೀ. ವೇಗದಲ್ಲಿ ಅದು ಎರಡು ಗಂಟೆಯೂ ಅಲ್ಲ. ಆದರೂ ಪ್ರಯಾಣ 23 ಗಂಟೆ ದಾಟುತ್ತದೆ, ಏಕೆಂದರೆ ಉಳಿದದ್ದೆಲ್ಲ ಇಳಿಯುವ, ಕಾಯುವ, ಮತ್ತೆ ಏರುವ ಹೊತ್ತು. ನಾನ್‌ಸ್ಟಾಪ್‌ಗೆ ನೀವು ಕೊಡುವ ಹೆಚ್ಚುವರಿ ಹಣ ಮುಖ್ಯವಾಗಿ ಆ ಕಾಯುವಿಕೆಯನ್ನು ತಪ್ಪಿಸಲು.

ಹಾಗಾದರೆ ಒಂದು ಲೆಕ್ಕ ಹಾಕೋಣ. ನಾನ್‌ಸ್ಟಾಪ್ 400 ಡಾಲರ್ ದುಬಾರಿ, ಉಳಿಯುವುದು ಆರು ಗಂಟೆ ಎಂದಿಟ್ಟುಕೊಳ್ಳಿ. ಗಂಟೆಗೆ 67 ಡಾಲರ್ ಆಯಿತು. ವರ್ಷಕ್ಕೆ 1,20,000 ಡಾಲರ್ ಸಂಬಳವನ್ನು 2,080 ಗಂಟೆಗೆ ಭಾಗಿಸಿದರೆ 58 ಬರುತ್ತದೆ, ಅದೂ ತೆರಿಗೆಗೆ ಮುಂಚೆ. ಲೆಕ್ಕ ಕೂಡಲಿಲ್ಲ. ನಾಲ್ಕು ಜನರ ಕುಟುಂಬಕ್ಕಂತೂ 1,600 ಡಾಲರ್. ಮಕ್ಕಳ ಗಂಟೆಗೆ ಯಾರೂ ಸಂಬಳ ಕೊಡುವುದಿಲ್ಲವಲ್ಲ!

ಆದರೆ ಈ ಅಳತೆಗೋಲೇ ನನಗೆ ಪೂರ್ತಿ ಒಪ್ಪಿಗೆಯಿಲ್ಲ. ಆ ಆರು ಗಂಟೆ ನೀವೇನೂ ಆಫೀಸಿನಲ್ಲಿ ಕೂತು ದುಡಿಯುತ್ತಿರಲಿಲ್ಲ. ನೋಡಬೇಕಾದದ್ದು ರಜೆಯ ದಿನ. ಆರು ಗಂಟೆ ಉಳಿದು ಒಂದು ದಿನದ ರಜೆ ಉಳಿಯಿತೇ? ಉಳಿದರೆ ಅದರ ಬೆಲೆ ಸುಮಾರು 460 ಡಾಲರ್, ಕೊಡಿ. ಭಾನುವಾರ ರಾತ್ರಿಯ ಬದಲು ಸಂಜೆ ಮನೆ ಸೇರುವಷ್ಟೇ ಆದರೆ ನಾನು ಕೊಡುವುದಿಲ್ಲ.

ಅಪ್ಪ ಅಮ್ಮ ಇಬ್ಬರೇ ಬರುವುದಾದರೆ ಮಾತು ಬೇರೆ. ಭಾಷೆ ಗೊತ್ತಿಲ್ಲದ ನಿಲ್ದಾಣದಲ್ಲಿ, ನಡುರಾತ್ರಿ, ಮಂಡಿನೋವು ಇಟ್ಟುಕೊಂಡು ಗೇಟ್ ಹುಡುಕುವುದನ್ನು ಯಾವ ಸ್ಪ್ರೆಡ್‌ಶೀಟ್‌ನಲ್ಲಿ ಹಾಕುತ್ತೀರಿ? ಅಲ್ಲಿ ಚೌಕಾಸಿ ಬೇಡ. ನೇರ ವಿಮಾನ ಸಿಗದಿದ್ದರೆ ಮೂರು ಗಂಟೆಗೆ ಕಡಿಮೆಯಿಲ್ಲದ ಬಿಡುವು, ವೀಲ್‌ಚೇರ್, ಮತ್ತು ಎರಡೂ ವಿಮಾನ ಒಂದೇ ಟಿಕೆಟ್‌ನಲ್ಲಿ ಇರಲಿ. ಅಗ್ಗವೆಂದು ಎರಡು ಬೇರೆ ಬೇರೆ ಟಿಕೆಟ್ ಕೊಂಡರೆ, ಮೊದಲನೆಯದು ತಡವಾಗಿ ಎರಡನೆಯದು ತಪ್ಪಿದಾಗ ಸಾಮಾನ್ಯವಾಗಿ ಖರ್ಚು ನಿಮ್ಮ ತಲೆಗೇ.

ಇನ್ನೊಂದು ಸಂದರ್ಭವಿದೆ, ನಾವ್ಯಾರೂ ಮಾತಾಡಲು ಇಷ್ಟಪಡದ್ದು. ಅಪರಾತ್ರಿ ಊರಿಂದ ಫೋನ್ ಬರುತ್ತದೆ. ಆಗ ನಾನ್‌ಸ್ಟಾಪ್ ಫಿಲ್ಟರ್ ತೆಗೆದುಬಿಡಿ. ನಾಲ್ಕು ಗಂಟೆಯಲ್ಲಿ ಹೊರಡುವ ಒನ್ ಸ್ಟಾಪ್, ನಾಡಿದ್ದಿನ ನೇರ ವಿಮಾನಕ್ಕಿಂತ ಮೊದಲು ಮುಟ್ಟಿಸುತ್ತದೆ. ಕೊನೆ ಗಳಿಗೆಯ ಟಿಕೆಟ್ ಎರಡು ಮೂರು ಪಟ್ಟು ಆಗಬಹುದು. ಆ ಹಣ ಷೇರಿನಲ್ಲಲ್ಲ, ಉಳಿತಾಯ ಖಾತೆಯಲ್ಲಿರಬೇಕು. ಮನೆಯ ಎಲ್ಲರ ಪಾಸ್‌ಪೋರ್ಟ್, ಓಸಿಐ ಕಾರ್ಡ್ ಈ ವಾರವೇ ತೆಗೆದು ನೋಡಿ. ಮನೆ ಮೈಸೂರಿನಲ್ಲೋ ಹಾಸನದಲ್ಲೋ ಇದ್ದರೆ, ಕೆಂಪೇಗೌಡ ನಿಲ್ದಾಣದಿಂದ ಇನ್ನೂ ನಾಲ್ಕು ಗಂಟೆ ಸೇರಿಸಿಕೊಳ್ಳಿ.