ಕಲ್ಲೊಳಗಿನ ಕಬ್ಬಿಣ

ಹಾನಗಲ್ಲಿನ ತಾರಕೇಶ್ವರ ಗುಡಿಯ ತಾವರೆ ಭುವನೇಶ್ವರಿಯ ಕೆಳಗೆ ನಿಂತಾಗಲೆಲ್ಲ ನನಗೆ ಕಾರವಾರದ ಕಾಳಿ ಸೇತುವೆ ನೆನಪಾಗುತ್ತದೆ. ಎಂಟು ಶತಮಾನ ಮಿಕ್ಕಿದ ಕಲ್ಲು ನಿಂತಿದೆ. ನಾಲ್ಕು ದಶಕದ ಹಳೆಯ ಸೇತುವೆ 2024ರ ಆಗಸ್ಟ್ 7ರ ನಡುರಾತ್ರಿ ನದಿಗುರುಳಿತು. ಲಾರಿಯೊಡನೆ ಬಿದ್ದ ಚಾಲಕ ಬದುಕಿ ಬಂದುದು ಪುಣ್ಯ.

ಆ ಪತನಕ್ಕೆ ತುಕ್ಕೇ ಕಾರಣವೆಂಬುದು ನನ್ನ ಮಾತಲ್ಲ. ಆದರೆ ಉಪ್ಪುನೀರಿನಲ್ಲಿ ನಿಂತ ಕಾಂಕ್ರೀಟಿಗೆಲ್ಲ ಈ ಒಳಶತ್ರು ಉಂಟು. ಕಾಂಕ್ರೀಟಿನ ಕ್ಷಾರಗುಣ ಉಕ್ಕಿನ ಸರಳುಗಳಿಗೆ ತೆಳುಪೊರೆಯ ಕವಚ ತೊಡಿಸಿರುತ್ತದೆ. ಕಡಲುಪ್ಪಿನ ಕ್ಲೋರೈಡು ಸೂಕ್ಷ್ಮರಂಧ್ರಗಳಲ್ಲಿಳಿದು ಅದನ್ನು ಹರಿಯುತ್ತದೆ. ನೀರು, ಗಾಳಿ ಕೂಡಿದರೆ ಸರಳು ತುಕ್ಕಾಗಿ, ಹಲವು ಪಟ್ಟು ಉಬ್ಬಿ, ತನ್ನನ್ನು ಹೊತ್ತ ಕಾಂಕ್ರೀಟನ್ನೇ ಸೀಳುತ್ತದೆ. ಅಲೆ ತಾಕಿ, ಒಣಗಿ, ಮತ್ತೆ ನೆನೆಯುವೆಡೆ ಅಪಾಯ ಹೆಚ್ಚು.

ಬಿರುಕಿನ ಕಂದುಗೆರೆ ಸೇತುವೆ ಬರೆಯುವ ಓಲೆ. ಅದರ ಮೇಲೆ ಗಾರೆ ಮೆತ್ತುವುದು ಓದದೆ ಹರಿದಂತೆ.