ಬೇಸಿಗೆಯಲ್ಲಿ ತಾನಾಗಿಯೇ ನಿಲ್ಲುವ ಗಣಕಯಂತ್ರ: ಹೊಸದರ ಖರೀದಿಗೆ ಮುನ್ನ ಪರಿಶೀಲಿಸಬೇಕಾದ ಸಂಗತಿಗಳು

ಕಚೇರಿಯ ಗಣಕಯಂತ್ರವು ಕೆಲಸದ ನಡುವೆ ಪದೇ ಪದೇ ನಿಂತುಹೋಗುತ್ತಿದ್ದು, ಹೊಸ ಗಣಕಯಂತ್ರ ಖರೀದಿಗೆ ಅನುಮೋದನೆ ನೀಡುವ ಬಗ್ಗೆ ಗ್ರಾಮ ಪಂಚಾಯತಿಯ ಸಾಮಾನ್ಯ ಸಭೆಯ ಮುಂದೆ ವಿಷಯ ಮಂಡನೆಯಾಗುವುದುಂಟು. ಕಾರ್ಯಸೂಚಿಯಲ್ಲಿ ಕೊನೆಗೆ ಬರುವ ಇಂತಹ ವಿಷಯ ಹೆಚ್ಚಿನ ಚರ್ಚೆಯಿಲ್ಲದೆ ಅಂಗೀಕಾರವಾಗುವುದೂ ಉಂಟು. ಆದರೆ ಹೀಗೆ ನಿಲ್ಲುವ ಯಂತ್ರ ಕೆಟ್ಟಿರಲೇಬೇಕೆಂದಿಲ್ಲ, ಮಿತಿಮೀರಿ ಕಾದಿರಬಹುದು. ಧೂಳು ತೆಗೆದು, ಒಂದು ಫ್ಯಾನ್ ಬದಲಿಸಿ, ಕೆಲವು ನೂರು ರೂಪಾಯಿಗಳಲ್ಲಿ ನಿವಾರಿಸಬಹುದಾದ ದೋಷಕ್ಕೆ ಹತ್ತಾರು ಸಾವಿರ ರೂಪಾಯಿ ವೆಚ್ಚ ಮಾಡುವ ಮೊದಲು ಸದಸ್ಯರು ಕಾರಣವನ್ನು ಕೇಳಿ ತಿಳಿಯುವುದು ಉಚಿತ. ಕಾರಣ ತಿಳಿಯದೆ ತಂದ ಹೊಸ ಯಂತ್ರವನ್ನು ಅದೇ ಮೂಲೆಯಲ್ಲಿ, ಅದೇ ಮುಚ್ಚಿದ ಮೇಜಿನೊಳಗೆ ಇರಿಸಿದರೆ ಎರಡು ಮೂರು ಬೇಸಿಗೆಗಳಲ್ಲಿ ಅದಕ್ಕೂ ಇದೇ ಗತಿಯಾಗುತ್ತದೆ.

ಯಂತ್ರ ನಿಂತರೆ ಅದರ ತೊಂದರೆ ಮೊದಲು ತಟ್ಟುವುದು ಕಚೇರಿಗಲ್ಲ, ಸಾರ್ವಜನಿಕರಿಗೆ. ಇ-ಸ್ವತ್ತು ತಂತ್ರಾಂಶದ ನಮೂನೆ 9 ಅಥವಾ ನಮೂನೆ 11ಕ್ಕಾಗಿ ದೂರದ ಮಜರೆಯಿಂದ ಒಂದು ದಿನದ ಕೂಲಿ ಬಿಟ್ಟು ಬಂದವರು "ಕಂಪ್ಯೂಟರ್ ಕೈಕೊಟ್ಟಿದೆ, ನಾಳೆ ಬನ್ನಿ" ಎಂಬ ಉತ್ತರ ಪಡೆದು ಹಿಂದಿರುಗಬೇಕಾಗುತ್ತದೆ.

ಬಿಸಿ ಎಲ್ಲಿಂದ ಬರುತ್ತದೆ

ಗಣಕಯಂತ್ರದೊಳಗೆ ಎಣಿಕೆಯ ಕೆಲಸವನ್ನೆಲ್ಲ ನಡೆಸುವ ಪ್ರೊಸೆಸರ್ ತಾನು ಬಳಸುವ ವಿದ್ಯುತ್ತನ್ನು ಬಹುಮಟ್ಟಿಗೆ ಪೂರ್ಣವಾಗಿಯೇ ಶಾಖವನ್ನಾಗಿ ಹೊರಬಿಡುತ್ತದೆ. ಕಚೇರಿಗಳಲ್ಲಿ ಬಳಕೆಯಲ್ಲಿರುವ ಅನೇಕ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳಿಗೆ ತಯಾರಕರು ಸೂಚಿಸಿರುವ ಶಾಖದ ಪ್ರಮಾಣ 65 ವಾಟ್. ಹಿಂದೆ ಮನೆಮನೆಯಲ್ಲಿದ್ದ 60 ವಾಟಿನ ತಂತಿಯ ಬಲ್ಬನ್ನು ಉರಿಯುವಾಗ ಕೈಯಿಂದ ಮುಟ್ಟಲಾಗುತ್ತಿರಲಿಲ್ಲವೆಂಬುದನ್ನು ನೆನೆದರೆ, ಅಷ್ಟೇ ಶಾಖ ಬೆರಳಿನ ಉಗುರಿನಷ್ಟು ಜಾಗದಲ್ಲಿ ಹುಟ್ಟಿದರೆ ಏನಾದೀತೆಂದು ಊಹಿಸಬಹುದು. ಈ ಶಾಖವನ್ನು ಹೊರಸಾಗಿಸಲು ಪ್ರೊಸೆಸರಿನ ಮೇಲೆ ಅನೇಕ ತೆಳುಹಲ್ಲುಗಳುಳ್ಳ ಅಲ್ಯೂಮಿನಿಯಂ ಗಟ್ಟಿಯೊಂದನ್ನು ಕೂರಿಸಿ, ಅದರ ಮೇಲೊಂದು ಫ್ಯಾನ್ ಅಳವಡಿಸಿರುತ್ತಾರೆ. ಈ ಗಟ್ಟಿಗೆ ಹೀಟ್‌ಸಿಂಕ್ ಎಂದು ಹೆಸರು. ಎರಡು ಲೋಹಗಳು ಎಷ್ಟೇ ನುಣುಪಾಗಿದ್ದರೂ ಅವುಗಳ ನಡುವೆ ಸೂಕ್ಷ್ಮ ಸಂದುಗಳು ಉಳಿಯುತ್ತವೆ, ಸಂದಿನಲ್ಲಿರುವ ಗಾಳಿ ಶಾಖವನ್ನು ಸುಲಭವಾಗಿ ಸಾಗಿಸುವುದಿಲ್ಲ. ಆ ಸಂದುಗಳನ್ನು ತುಂಬಲು ನಡುವೆ ಥರ್ಮಲ್ ಪೇಸ್ಟ್ ಎಂಬ ಲೇಪ ಹಚ್ಚಿರುತ್ತಾರೆ. ವರ್ಷಗಳು ಕಳೆದಂತೆ ಈ ಲೇಪ ಒಣಗಿ ಬಿರುಕು ಬಿಡುತ್ತದೆ. ಹೀಟ್‌ಸಿಂಕಿನ ಹಲ್ಲುಗಳ ನಡುವೆ ಧೂಳು ಕಂಬಳಿಯಂತೆ ಹೆಣೆದುಕೊಳ್ಳುತ್ತದೆ. ಫ್ಯಾನಿನ ಬೇರಿಂಗ್ ಸವೆದು ವೇಗ ಕುಗ್ಗುತ್ತದೆ. ಕರಾವಳಿ ಮತ್ತು ಮಲೆನಾಡಿನಲ್ಲಿ ತೇವಾಂಶದಿಂದ ಧೂಳು ಅಂಟಿ ಗಟ್ಟಿಯಾಗುವುದರಿಂದ ಬರಿಯ ಗಾಳಿ ಊದಿದರೆ ಬಿಡುವುದಿಲ್ಲ.

ಡಿಸೆಂಬರಿನಲ್ಲಿ ಸರಿಯಾಗಿದ್ದ ಯಂತ್ರ ಏಪ್ರಿಲ್‌ನಲ್ಲಿ ಏಕೆ ನಿಲ್ಲುತ್ತದೆ ಎಂಬುದಕ್ಕೆ ಒಂದು ಸರಳ ಲೆಕ್ಕ ಸಾಕು. ಹೀಟ್‌ಸಿಂಕ್ ಪ್ರೊಸೆಸರನ್ನು ಕೊಠಡಿಯ ಗಾಳಿಗಿಂತ ತಣ್ಣಗೆ ಮಾಡಲಾರದು. ಕೊಠಡಿಯ ಉಷ್ಣತೆಗಿಂತ ಇಷ್ಟು ಹೆಚ್ಚು ಎಂಬ ಅಂತರವನ್ನು ಮಾತ್ರ ಕಾಯ್ದುಕೊಳ್ಳುತ್ತದೆ. ಉದಾಹರಣೆಗೆ, ಸ್ವಚ್ಛವಾದ ಯಂತ್ರದಲ್ಲಿ ಈ ಅಂತರ 35 ಡಿಗ್ರಿ ಸೆಲ್ಸಿಯಸ್ ಎಂದಿಟ್ಟುಕೊಂಡರೆ, 25 ಡಿಗ್ರಿಯ ಕೊಠಡಿಯಲ್ಲಿ ಪ್ರೊಸೆಸರ್ 60 ಡಿಗ್ರಿಯಲ್ಲಿಯೂ 40 ಡಿಗ್ರಿಯ ಕೊಠಡಿಯಲ್ಲಿ 75 ಡಿಗ್ರಿಯಲ್ಲಿಯೂ ಇರುತ್ತದೆ. ಎರಡೂ ಸುರಕ್ಷಿತವೇ. ಧೂಳಿನಿಂದ ಅಂತರ 55 ಡಿಗ್ರಿಗೆ ಏರಿದರೆ ಚಳಿಗಾಲದಲ್ಲಿ 80 ಡಿಗ್ರಿಯಾಗಿ ಯಾರ ಗಮನಕ್ಕೂ ಬಾರದೆ ನಡೆಯುತ್ತದೆ. ಬೇಸಿಗೆಯಲ್ಲಿ 95 ಮುಟ್ಟುತ್ತದೆ. ಇಂಟೆಲ್ ಕಂಪನಿಯ ಅನೇಕ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳ ಗರಿಷ್ಠ ಮಿತಿ 100 ಡಿಗ್ರಿ. ಏಪ್ರಿಲ್, ಮೇ ತಿಂಗಳುಗಳಲ್ಲಿ ಹೊರಗಿನ ಉಷ್ಣತೆಯೇ 40 ದಾಟುವ ಕಲಬುರಗಿ, ರಾಯಚೂರು ಕಡೆಯ ಕಚೇರಿಗಳಲ್ಲಿ, ಅದರಲ್ಲೂ ಶೀಟಿನ ಛಾವಣಿಯ ಕೊಠಡಿಗಳಲ್ಲಿ, ಉಳಿಯುವ ಅವಕಾಶ ತೀರ ಕಿರಿದು. ದೋಷ ಹುಟ್ಟಿದ್ದು ಬೇಸಿಗೆಯಲ್ಲಲ್ಲ. ಅದಕ್ಕೂ ಮೊದಲೇ ಹುಟ್ಟಿ, ಬೇಸಿಗೆಯಲ್ಲಿ ಹೊರಬಿದ್ದಿತಷ್ಟೆ.

ಮಿತಿ ಸಮೀಪಿಸಿದಾಗ ಪ್ರೊಸೆಸರ್ ಕೂಡಲೇ ನಿಲ್ಲುವುದಿಲ್ಲ. ಮೊದಲು ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಅದೂ ಸಾಲದಾದಾಗ ತನ್ನನ್ನು ಉಳಿಸಿಕೊಳ್ಳಲು ಒಮ್ಮೆಲೇ ಆಫ್ ಆಗುತ್ತದೆ. ಕಚೇರಿಗಳಲ್ಲಿ ನಿಧಾನಗತಿಗೆಲ್ಲ "ಸರ್ವರ್ ಇಲ್ಲ" ಎಂಬ ಒಂದೇ ವಿವರಣೆ ರೂಢಿಯಲ್ಲಿರುವುದರಿಂದ ಈ ಮೊದಲ ಸೂಚನೆ ಕಣ್ಣಿಗೆ ಬೀಳದೆ ಹೋಗುತ್ತದೆ. ಅಂತರಜಾಲದ ಅಗತ್ಯವೇ ಇಲ್ಲದ ಪತ್ರವೊಂದನ್ನು ಟೈಪ್ ಮಾಡುವಾಗಲೂ ಅಕ್ಷರಗಳು ತಡವಾಗಿ ಮೂಡುತ್ತಿದ್ದರೆ ತೊಡಕು ಸರ್ವರಿನದ್ದಲ್ಲ, ಮೇಜಿನ ಕೆಳಗಿರುವ ಪೆಟ್ಟಿಗೆಯದ್ದು.

ಬಿಸಿಯೇ ಕಾರಣವೆಂದು ತಿಳಿಯುವ ಬಗೆ

ಮೊದಲು ಯು.ಪಿ.ಎಸ್. ಮತ್ತು ವಿದ್ಯುತ್ ಸರಬರಾಜಿನ ಸಂಶಯ ನಿವಾರಿಸಿಕೊಳ್ಳಬೇಕು. ಪರದೆ ಹಾಗೂ ಸಿ.ಪಿ.ಯು. ಪೆಟ್ಟಿಗೆ ಎರಡೂ ಒಂದೇ ಯು.ಪಿ.ಎಸ್.ಗೆ ಜೋಡಣೆಯಾಗಿದ್ದು, ನಿಂತಾಗ ಎರಡರ ದೀಪವೂ ಆರಿದರೆ ಯು.ಪಿ.ಎಸ್. ಬ್ಯಾಟರಿ ಅಥವಾ ವೈರಿಂಗನ್ನು ನೋಡಬೇಕು. ಪೆಟ್ಟಿಗೆ ಮಾತ್ರ ನಿಂತು, ಪರದೆಯ ದೀಪ ಉರಿಯುತ್ತ "ನೋ ಸಿಗ್ನಲ್" ಎಂದು ತೋರಿದರೆ ದೋಷ ಪೆಟ್ಟಿಗೆಯೊಳಗಿದೆ.

ನಿಲ್ಲುವ ಸಮಯವೂ ಬಹಳಷ್ಟನ್ನು ಹೇಳುತ್ತದೆ. ಆನ್ ಮಾಡಿದ ಎರಡು ಮೂರು ನಿಮಿಷಗಳಲ್ಲೇ ನಿಂತರೆ ಹೀಟ್‌ಸಿಂಕ್ ಸಡಿಲವಾಗಿರುವ ಅಥವಾ ಫ್ಯಾನ್ ತಿರುಗದಿರುವ ಸಂಭವ ಹೆಚ್ಚು. ಕಚೇರಿಯನ್ನು ಹೊಸ ಕಟ್ಟಡಕ್ಕೆ ಸ್ಥಳಾಂತರಿಸಿದ ಮೇಲೆ ಇದು ಕಾಣಿಸಿಕೊಂಡಿದ್ದರೆ ಸಂಶಯ ಇನ್ನೂ ಬಲವಾಗುತ್ತದೆ. ಇಂಟೆಲ್ ಪ್ರೊಸೆಸರ್ ಜೊತೆಗೆ ಬರುವ ಫ್ಯಾನ್ ಸಾಮಾನ್ಯವಾಗಿ ನಾಲ್ಕು ಪ್ಲಾಸ್ಟಿಕ್ ಗೂಟಗಳ ಮೇಲೆ ನಿಂತಿರುತ್ತದೆ, ಸಾಗಣೆಯ ಕುಲುಕಾಟದಲ್ಲಿ ಒಂದು ಗೂಟ ಮೇಲೆದ್ದರೂ ಹೀಟ್‌ಸಿಂಕ್ ಒಂದು ಬದಿಗೆ ವಾಲುತ್ತದೆ. ಬೆಳಿಗ್ಗೆ ಸರಿಯಾಗಿದ್ದು ಮಧ್ಯಾಹ್ನದ ಹೊತ್ತಿಗೆ ನಿಲ್ಲುವುದು, ನಿಂತ ಕೂಡಲೇ ಮತ್ತೆ ಆನ್ ಮಾಡಿದರೆ ಬೇಗನೆ ನಿಲ್ಲುವುದು, ಅರ್ಧ ಗಂಟೆ ಬಿಟ್ಟರೆ ಮತ್ತೆ ಕೆಲಸ ಮಾಡುವುದು ಇವು ಧೂಳು ಮತ್ತು ಒಣಗಿದ ಲೇಪದ ಲಕ್ಷಣಗಳು. ಗೊತ್ತುಗುರಿಯಿಲ್ಲದೆ ಯಾವಾಗೆಂದರಾವಾಗ ನಿಂತರೆ ಬಿಸಿಗಿಂತ ವಿದ್ಯುತ್ ಪೂರೈಸುವ ಎಸ್.ಎಂ.ಪಿ.ಎಸ್. ಅಥವಾ ಮೆಮೊರಿಯತ್ತ ಗಮನ ಹರಿಸಬೇಕಾಗುತ್ತದೆ. ವಿಂಡೋಸ್‌ನ ದಾಖಲೆಯಲ್ಲಿ ಕಾಣುವ "ಕರ್ನಲ್-ಪವರ್ 41" ಎಂಬ ನಮೂದನ್ನು ತೋರಿಸಿ ಇದೇ ಕಾರಣವೆಂದು ಯಾರಾದರೂ ಹೇಳಿದರೆ ಒಪ್ಪಬೇಕಾಗಿಲ್ಲ. ಯಂತ್ರ ಕ್ರಮಬದ್ಧವಾಗಿ ಮುಚ್ಚದೆ ನಿಂತಿತು ಎಂಬುದನ್ನಷ್ಟೇ ಅದು ತಿಳಿಸುತ್ತದೆ, ಏಕೆ ನಿಂತಿತೆಂಬುದನ್ನಲ್ಲ.

ಊಹೆಗಿಂತ ಅಳತೆ ಮೇಲು. ಆನ್ ಮಾಡುವಾಗ ಡಿಲೀಟ್, ಎಫ್2 ಅಥವಾ ಎಫ್10 ಕೀಲಿಯನ್ನು (ತಯಾರಕರಿಗೆ ತಕ್ಕಂತೆ) ಒತ್ತಿದರೆ ತೆರೆಯುವ ಬಯೋಸ್ ಪುಟದಲ್ಲಿ ಅನೇಕ ಯಂತ್ರಗಳು ಪ್ರೊಸೆಸರಿನ ಉಷ್ಣತೆ ಮತ್ತು ಫ್ಯಾನಿನ ವೇಗ ಎರಡನ್ನೂ ತೋರಿಸುತ್ತವೆ. ಅಲ್ಲಿ ದೊರೆಯದಿದ್ದರೆ ಕೋರ್ ಟೆಂಪ್‌ನಂತಹ ಉಚಿತ ತಂತ್ರಾಂಶವನ್ನು ಅದರ ತಯಾರಕರ ಜಾಲತಾಣದಿಂದಲೇ ಪಡೆದು ನೋಡಬಹುದು. ಕೆಲಸವಿಲ್ಲದಿರುವಾಗ 35ರಿಂದ 50 ಡಿಗ್ರಿ, ಕೆಲಸದ ಒತ್ತಡದಲ್ಲಿ 60ರಿಂದ 80 ಡಿಗ್ರಿ ಇದ್ದರೆ ಚಿಂತಿಸಬೇಕಾಗಿಲ್ಲ. ಸುಮ್ಮನಿರುವಾಗಲೇ 70 ದಾಟಿದರೆ, ಅಥವಾ ನಾಲ್ಕಾರು ಪುಟ ತೆರೆದ ಮಾತ್ರಕ್ಕೆ 90ಕ್ಕೆ ಏರಿದರೆ ರೋಗ ಗೊತ್ತಾದಂತೆಯೇ. ಆಗ ಟಾಸ್ಕ್ ಮ್ಯಾನೇಜರನ್ನೂ ತೆರೆದು ನೋಡಬೇಕು: ಯಾರೂ ಕೆಲಸ ಮಾಡದಿದ್ದರೂ ಸಿ.ಪಿ.ಯು. ಬಳಕೆ ಸತತವಾಗಿ 100 ಪ್ರತಿಶತದ ಬಳಿ ಇದ್ದರೆ ಯಾವುದೋ ತಂತ್ರಾಂಶ ಅಥವಾ ವೈರಸ್ ಯಂತ್ರವನ್ನು ದುಡಿಸುತ್ತಿದೆ. ಧೂಳು ತೆಗೆದರೂ ಬಿಸಿ ತಗ್ಗದು.

ಪೆಟ್ಟಿಗೆಯ ಪಕ್ಕದ ಹಲಗೆ ತೆಗೆದು ಎದುರಿಗೆ ಟೇಬಲ್ ಫ್ಯಾನ್ ಇಡುವ ಪದ್ಧತಿ ಕೆಲವು ಕಚೇರಿಗಳಲ್ಲಿದೆ. ಪರೀಕ್ಷೆಯಾಗಿ ಇದು ಉತ್ತಮ: ಹಾಗೆ ಮಾಡಿದಾಗ ಯಂತ್ರ ನಿಲ್ಲದಿದ್ದರೆ ಬಿಸಿಯೇ ಕಾರಣವೆಂದು ಖಚಿತವಾಗುತ್ತದೆ. ಪರಿಹಾರವಾಗಿ ಮಾತ್ರ ಇದು ಕೆಟ್ಟದ್ದು. ತೆರೆದ ಪೆಟ್ಟಿಗೆಗೆ ಧೂಳು ಇಮ್ಮಡಿ ನುಗ್ಗುತ್ತದೆ, ಹಲ್ಲಿಗಳು ಬೆಚ್ಚನೆಯ ಜಾಗ ಹುಡುಕಿ ಒಳಸೇರುತ್ತವೆ.

ದುರಸ್ತಿ

ಧೂಳು ತೆಗೆಯುವ ಕೆಲಸವನ್ನು ಕಚೇರಿಯ ಗಣಕಯಂತ್ರ ನಿರ್ವಾಹಕರೇ ಮಾಡಬಹುದು. ಯಂತ್ರವನ್ನು ಮುಚ್ಚಿ, ಪ್ಲಗ್ ಕಿತ್ತು, ಪವರ್ ಗುಂಡಿಯನ್ನು ಕೆಲವು ಸೆಕೆಂಡು ಒತ್ತಿಹಿಡಿದು ಒಳಗೆ ಉಳಿದ ವಿದ್ಯುತ್ತನ್ನು ಹೊರಹಾಕಬೇಕು. ಒಳಭಾಗ ಮುಟ್ಟುವ ಮುನ್ನ ಪೆಟ್ಟಿಗೆಯ ಬರಿಯ ಲೋಹವನ್ನು ಸ್ಪರ್ಶಿಸಬೇಕು, ಇಲ್ಲವಾದರೆ ಮೈಯಲ್ಲಿರುವ ಸ್ಥಿರವಿದ್ಯುತ್ತಿನಿಂದ ಸೂಕ್ಷ್ಮ ಭಾಗಗಳು ಕೆಡಬಹುದು. ವರಾಂಡದಲ್ಲಿಟ್ಟು ಮೃದುವಾದ ಒಣ ಬ್ರಷ್ ಮತ್ತು ಸಣ್ಣ ಬ್ಲೋವರ್‌ನಿಂದ ಹೀಟ್‌ಸಿಂಕಿನ ಹಲ್ಲು, ಫ್ಯಾನಿನ ರೆಕ್ಕೆ, ಹಿಂಬದಿಯ ಜಾಲರಿಗಳನ್ನು ಸ್ವಚ್ಛಗೊಳಿಸಬೇಕು. ಗಾಳಿ ಊದುವಾಗ ಫ್ಯಾನಿನ ರೆಕ್ಕೆಯನ್ನು ಬೆರಳಿನಿಂದ ಹಿಡಿದಿರಬೇಕು. ಅತಿವೇಗವಾಗಿ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ. ಪಂಕ್ಚರ್ ಅಂಗಡಿಗೆ ಒಯ್ದು ಕಂಪ್ರೆಸರ್ ಗಾಳಿ ಹೊಡೆಸುವುದು ಸುಲಭವೆನಿಸಿದರೂ ಕೂಡದು. ಆ ಗಾಳಿಯಲ್ಲಿ ನೀರಿನ ಹನಿ ಮತ್ತು ಎಣ್ಣೆಯ ಅಂಶ ಇರುತ್ತದೆ, ಒತ್ತಡವೂ ವಿಪರೀತ. ಒದ್ದೆ ಬಟ್ಟೆ ಬಳಸಬಾರದು. ಎಸ್.ಎಂ.ಪಿ.ಎಸ್. ಪೆಟ್ಟಿಗೆಯನ್ನಂತೂ ಯಾವ ಕಾರಣಕ್ಕೂ ಬಿಚ್ಚಬಾರದು. ಪ್ಲಗ್ ಕಿತ್ತ ಮೇಲೂ ಅದರೊಳಗಿನ ಕೆಪಾಸಿಟರ್‌ಗಳಲ್ಲಿ ಅಪಾಯಕರ ವಿದ್ಯುತ್ ಉಳಿದಿರುತ್ತದೆ.

ಹೀಟ್‌ಸಿಂಕ್ ಬಿಚ್ಚಿ ಲೇಪ ಬದಲಿಸುವುದು ತಂತ್ರಜ್ಞರ ಕೆಲಸ. ಹಳೆಯ ಲೇಪವನ್ನು ಐಸೋಪ್ರೊಪೈಲ್ ಆಲ್ಕೋಹಾಲಿನಿಂದ ಪೂರ್ತಿ ಒರೆಸಿ, ಪ್ರೊಸೆಸರಿನ ನಡುವೆ ತೊಗರಿಕಾಳಿನಷ್ಟು ಹೊಸ ಲೇಪವಿಟ್ಟು, ಹೀಟ್‌ಸಿಂಕನ್ನು ಸಮನಾಗಿ ಒತ್ತಿ ಕೂರಿಸಬೇಕು. ಲೇಪ ಹೆಚ್ಚಾದರೆ ಹೆಚ್ಚು ತಂಪು ಎಂಬುದು ತಪ್ಪು ತಿಳಿವಳಿಕೆ. ವಾರಂಟಿ ಅವಧಿ ಇರುವ ಯಂತ್ರವಾದರೆ ಪೆಟ್ಟಿಗೆಯನ್ನು ತೆರೆಯದೆ ಪೂರೈಕೆದಾರರಿಗೇ ದೂರು ದಾಖಲಿಸಬೇಕು.

ಯಂತ್ರವನ್ನು ತಂತ್ರಜ್ಞರ ವಶಕ್ಕೆ ಕೊಡುವ ಮುನ್ನ ಇನ್ನೆರಡು ಎಚ್ಚರಿಕೆಗಳಿವೆ. ಇ-ಸ್ವತ್ತು, ಪಂಚತಂತ್ರ ಮುಂತಾದವುಗಳ ದತ್ತಾಂಶ ಸರ್ವರಿನಲ್ಲಿ ಇರುತ್ತದೆ. ಆದರೆ ಸಭಾ ನಡಾವಳಿ, ಪತ್ರಗಳು, ಎಕ್ಸೆಲ್‌ನಲ್ಲಿ ಸಿದ್ಧಪಡಿಸಿದ ಪಟ್ಟಿಗಳು ಯಂತ್ರದ ಡಿಸ್ಕಿನಲ್ಲಿಯೇ ಇರಬಹುದು; ಅವುಗಳ ಪ್ರತಿಯನ್ನು ಮೊದಲು ತೆಗೆದಿಟ್ಟುಕೊಳ್ಳಬೇಕು. ಎರಡನೆಯದಾಗಿ, ಪಂಚಾಯತಿ ಅಭಿವೃದ್ಧಿ ಅಧಿಕಾರಿಯವರ ಡಿಜಿಟಲ್ ಸಹಿಯ ಡಾಂಗಲ್ ಯಂತ್ರಕ್ಕೆ ಚುಚ್ಚಿದಂತೆಯೇ ಅಂಗಡಿಗೆ ಹೋಗಬಾರದು. ಅದು ಸಹಿ ಮಾಡಿದ ಖಾಲಿ ಚೆಕ್ಕನ್ನು ಅಪರಿಚಿತರ ಕೈಗೆ ಕೊಟ್ಟಷ್ಟೇ ಅಪಾಯ.

ಸ್ವಚ್ಛಗೊಳಿಸಿ ತಂದ ಯಂತ್ರವನ್ನು ಗೋಡೆಯಿಂದ ಒಂದು ಗೇಣಾದರೂ ದೂರ, ನೆಲದಿಂದ ತುಸು ಎತ್ತರದಲ್ಲಿ, ಪಡುವಣ ಕಿಟಕಿಯ ಬಿಸಿಲು ಬೀಳದ ಕಡೆ ಇರಿಸಬೇಕು. ಬಾಗಿಲಿರುವ ಕಂಪ್ಯೂಟರ್ ಮೇಜಾದರೆ ಕೆಲಸದ ಹೊತ್ತಿನಲ್ಲಿ ಬಾಗಿಲು ತೆರೆದಿರಬೇಕು. ಜಾಲರಿಗೆ ಅಡ್ಡವಾಗಿ ಕಡತದ ಕಟ್ಟುಗಳನ್ನು ಪೇರಿಸಬಾರದು. ಆಯುಧಪೂಜೆಯ ದಿನ ಅರಿಶಿನ ಕುಂಕುಮವನ್ನು ಪೆಟ್ಟಿಗೆಯ ಮೈಗೆ ಹಚ್ಚಲಿ, ಗಾಳಿ ಸೇರುವ ಜಾಲರಿಗೆ ಬೇಡ. ಆ ನಯವಾದ ಪುಡಿಯನ್ನು ಫ್ಯಾನ್ ಒಳಗೆಳೆದುಕೊಳ್ಳುತ್ತದೆ. ಫೆಬ್ರವರಿಯಲ್ಲಿ ಒಮ್ಮೆ, ದಸರೆಯ ಹೊತ್ತಿಗೆ ಇನ್ನೊಮ್ಮೆ ಧೂಳು ತೆಗೆಸಿದರೆ ಹೆಚ್ಚಿನ ಕಚೇರಿಗಳಿಗೆ ಸಾಕು.

ಸಭೆಯ ಮುಂದೆ ವಿಷಯ ಬಂದಾಗ

ಖರೀದಿಯ ಪ್ರಸ್ತಾವನೆಯೊಂದಿಗೆ ತಂತ್ರಜ್ಞರ ಒಂದು ಪುಟದ ಲಿಖಿತ ವರದಿ ಇರಬೇಕೆಂದು ಸದಸ್ಯರು ಕೇಳಬಹುದು. ಸ್ವಚ್ಛಗೊಳಿಸುವ ಮೊದಲು ಮತ್ತು ನಂತರ ಯಂತ್ರದ ಉಷ್ಣತೆ ಎಷ್ಟಿತ್ತು, ಯಾವ ಭಾಗ ಬದಲಾಯಿತು, ಆದರೂ ದೋಷ ಉಳಿದಿದ್ದರೆ ಏನು ಕಾರಣ ಎಂಬಷ್ಟು ವಿವರ ಅದರಲ್ಲಿದ್ದರೆ ಸಾಕು. ಬದಲಾದ ಬಿಡಿಭಾಗವೂ ಅದರ ದಿನಾಂಕವೂ ದಾಸ್ತಾನು ವಹಿಯಲ್ಲಿ ದಾಖಲಾದರೆ ಮುಂದಿನ ಬಾರಿ ಅದೇ ಫ್ಯಾನಿಗೆ ಎರಡನೆಯ ಬಿಲ್ ಬಂದಾಗ ಪ್ರಶ್ನಿಸಲು ಆಧಾರವಿರುತ್ತದೆ.

ಹೊಸ ಯಂತ್ರ ನಿಜವಾಗಿ ಬೇಕಾಗುವ ಸಂದರ್ಭಗಳೂ ಇವೆ. ಮದರ್‌ಬೋರ್ಡಿನ ಕೆಪಾಸಿಟರ್‌ಗಳ ತಲೆ ಉಬ್ಬಿದ್ದರೆ ಅಥವಾ ಹೊಸ ಲೇಪ, ಹೊಸ ಫ್ಯಾನ್ ಹಾಕಿದ ಮೇಲೂ ಯಂತ್ರ ನಿಲ್ಲುತ್ತಿದ್ದರೆ ದುರಸ್ತಿಗೆ ಹಣ ಸುರಿಯುವುದು ವ್ಯರ್ಥ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್ ನೀಡುತ್ತಿದ್ದ ಸಾಮಾನ್ಯ ಬೆಂಬಲ 14 ಅಕ್ಟೋಬರ್ 2025ಕ್ಕೆ ಮುಗಿದಿರುವುದರಿಂದ, ವಿಂಡೋಸ್ 11 ಅಳವಡಿಸಲಾಗದಷ್ಟು ಹಳೆಯ ಯಂತ್ರವನ್ನು ಬದಲಿಸುವುದಕ್ಕೂ ಸಮರ್ಥನೆಯಿದೆ. ಆದರೆ ಅದನ್ನೇ ಕಾರಣವೆಂದು ನಡಾವಳಿಯಲ್ಲಿ ಬರೆಯಬೇಕು, "ಪದೇ ಪದೇ ನಿಲ್ಲುತ್ತಿದೆ" ಎಂದಲ್ಲ. ಬದಲಿಸಿದ ಹಳೆಯ ಯಂತ್ರ ಗುಜರಿಯವರ ಪಾಲಾಗಬಾರದು. ಅದರ ಡಿಸ್ಕನ್ನು ಅಳಿಸಿ, 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ (ನಿರ್ವಹಣೆ) ನಿಯಮಗಳು, 2022ರಂತೆ ನೋಂದಾಯಿತ ಮರುಬಳಕೆದಾರರಿಗೆ ತಲುಪಿಸಿ, ಸ್ವೀಕೃತಿಯನ್ನು ಕಡತದಲ್ಲಿ ಇರಿಸಬೇಕು.