ತಾರಾ ಆಟಗಾರನ ಬೆಲೆ ಮತ್ತು ತಂಡದ ಲೆಕ್ಕದ ಪುಸ್ತಕ

ಅಮೆರಿಕದ ಬೇಸ್‌ಬಾಲ್ ಮೇಲ್ನೋಟಕ್ಕೆ ಮನರಂಜನೆಯ ಕ್ರೀಡೆ. ಆದರೆ ವಾಣಿಜ್ಯದ ದೃಷ್ಟಿಯಿಂದ ನೋಡಿದರೆ, ಮೂವತ್ತು ಸಂಸ್ಥೆಗಳು ಬೆರಳೆಣಿಕೆಯ ನಿಪುಣ ಕೆಲಸಗಾರರಿಗಾಗಿ ಪರಸ್ಪರ ಪೈಪೋಟಿ ನಡೆಸುವ ದೊಡ್ಡ ಉದ್ಯಮವದು. ಈ ಉದ್ಯಮದಲ್ಲಿ ವೇತನದ ಲೆಕ್ಕಗಳು ಬಹುಮಟ್ಟಿಗೆ ಬಹಿರಂಗವಾಗಿರುತ್ತವೆ. ಯಾವ ಮಾಲೀಕರು ಯಾರಿಗೆ ಎಷ್ಟು ಕೊಟ್ಟರು, ಪ್ರತಿಯಾಗಿ ಏನನ್ನು ಪಡೆದರು ಎಂಬುದನ್ನು ವರ್ಷಗಳ ನಂತರವೂ ತಾಳೆ ನೋಡಬಹುದು. ಒಬ್ಬ ನುರಿತ ಕೆಲಸಗಾರನನ್ನು ಪಡೆಯಲು ಅಥವಾ ಉಳಿಸಿಕೊಳ್ಳಲು ಎಷ್ಟರವರೆಗೆ ಹೋಗಬಹುದು ಎಂಬ ಪ್ರಶ್ನೆ ಸಣ್ಣ ಉದ್ದಿಮೆದಾರರನ್ನೂ ಕಾಡುವುದರಿಂದ, ಈ ಬಹಿರಂಗ ಲೆಕ್ಕವನ್ನು ಪರಿಶೀಲಿಸುವುದು ಉಪಯುಕ್ತ.

ತಂಡಕ್ಕಿಂತ ಆಟಗಾರ ದುಬಾರಿ

2000ದ ಡಿಸೆಂಬರ್‌ನಲ್ಲಿ ಟೆಕ್ಸಾಸ್ ರೇಂಜರ್ಸ್ ತಂಡವು ಅಲೆಕ್ಸ್ ರಾಡ್ರಿಗಸ್ ಎಂಬ ಇಪ್ಪತ್ತೈದು ವರ್ಷದ ಆಟಗಾರರೊಡನೆ ಹತ್ತು ವರ್ಷಗಳ ಅವಧಿಗೆ 25.2 ಕೋಟಿ ಡಾಲರ್‌ಗಳ ಒಪ್ಪಂದ ಮಾಡಿಕೊಂಡಿತು. ತಂಡದ ಮಾಲೀಕರಾದ ಟಾಮ್ ಹಿಕ್ಸ್ ಅವರು 1998ರಲ್ಲಿ ಇಡೀ ತಂಡವನ್ನು ಕೊಂಡದ್ದು 25 ಕೋಟಿ ಡಾಲರ್‌ಗಳಿಗೆ. ಕಾರ್ಖಾನೆಯನ್ನು ಕೊಂಡ ಬೆಲೆಗಿಂತ ಹೆಚ್ಚಿನ ಮೊತ್ತವನ್ನು ಅದರೊಳಗಿನ ಒಬ್ಬ ಕೆಲಸಗಾರನಿಗೆ ಬರೆದುಕೊಟ್ಟಂತಾಯಿತು.

ರಾಡ್ರಿಗಸ್ ಅವರು ತಮ್ಮ ಪಾಲಿನ ಕೆಲಸದಲ್ಲಿ ಕೊರತೆ ಮಾಡಲಿಲ್ಲ. ಮುಂದಿನ ಮೂರು ವರ್ಷಗಳಲ್ಲಿ ಅವರು ಕ್ರಮವಾಗಿ 52, 57 ಮತ್ತು 47 ಹೋಮ್‌ರನ್ ಹೊಡೆದು ಮೂರೂ ವರ್ಷ ಅಮೆರಿಕನ್ ಲೀಗ್‌ನಲ್ಲಿ ಮೊದಲಿಗರಾದರು. 2003ರಲ್ಲಿ ಲೀಗ್‌ನ ಅತ್ಯಮೂಲ್ಯ ಆಟಗಾರ ಪ್ರಶಸ್ತಿಯೂ ಅವರಿಗೆ ಸಂದಿತು. ಅದೇ ಮೂರು ವರ್ಷಗಳಲ್ಲಿ ಟೆಕ್ಸಾಸ್ ತಂಡವು 162 ಪಂದ್ಯಗಳ ಋತುವಿನಲ್ಲಿ ಗೆದ್ದದ್ದು 73, 72 ಮತ್ತು 71 ಪಂದ್ಯಗಳನ್ನು ಮಾತ್ರ. ಮೂರು ಸಲವೂ ತನ್ನ ವಿಭಾಗದಲ್ಲಿ ಕೊನೆಯ ಸ್ಥಾನ.

ಕೊಂಡ ಸರಕು ಉತ್ತಮವಾಗಿತ್ತು. ಆದರೂ ವ್ಯಾಪಾರ ನಷ್ಟಕ್ಕೆ ಇಳಿಯಿತು. ಇದು ಹೇಗಾಯಿತೆಂದು ತಿಳಿಯಬೇಕಾದರೆ ಆಟಗಾರರ ಬೆಲೆ ನಿರ್ಧಾರವಾಗುವ ಮಾರುಕಟ್ಟೆಯ ಹಿನ್ನೆಲೆಯನ್ನು ನೋಡಬೇಕು.

ಜೀತದಿಂದ ಮಾರುಕಟ್ಟೆಗೆ

ಸುಮಾರು ನೂರು ವರ್ಷಗಳ ಕಾಲ ಬೇಸ್‌ಬಾಲ್ ಆಟಗಾರನಿಗೆ ಮಾರುಕಟ್ಟೆಯೇ ಇರಲಿಲ್ಲ. ಪ್ರತಿಯೊಂದು ಕರಾರಿನಲ್ಲಿಯೂ ಇರುತ್ತಿದ್ದ 'ಕಾಯ್ದಿರಿಸುವ ಷರತ್ತು' ಆಟಗಾರನನ್ನು ಒಂದೇ ತಂಡಕ್ಕೆ ಕಟ್ಟಿಹಾಕುತ್ತಿತ್ತು. ತಂಡವು ಅವನನ್ನು ಬೇರೆಯವರಿಗೆ ಮಾರಬಹುದಾಗಿತ್ತು, ಅವನಾಗಿಯೇ ಬಿಟ್ಟುಹೋಗುವಂತಿರಲಿಲ್ಲ. 1969ರಲ್ಲಿ ಸೇಂಟ್ ಲೂಯಿ ತಂಡವು ತನ್ನ ಅನುಮತಿ ಕೇಳದೆ ಫಿಲಡೆಲ್ಫಿಯಾಕ್ಕೆ ಕೊಟ್ಟುಬಿಟ್ಟಾಗ ಕರ್ಟ್ ಫ್ಲಡ್ ಎಂಬ ಆಟಗಾರ ಅದನ್ನು ನ್ಯಾಯಾಲಯದಲ್ಲಿ ಪ್ರಶ್ನಿಸಿದರು. 1972ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಐದಕ್ಕೆ ಮೂರು ಮತಗಳಿಂದ ಅವರ ವಿರುದ್ಧ ತೀರ್ಪು ನೀಡಿತು.

ಬಾಗಿಲು ತೆರೆದದ್ದು ಒಬ್ಬ ಮಾಲೀಕರ ಕರಾರು ಉಲ್ಲಂಘನೆಯಿಂದ. ಓಕ್ಲೆಂಡ್ ತಂಡದ ಚಾರ್ಲಿ ಫಿನ್ಲೆ ಅವರು ತಮ್ಮ ಪ್ರಮುಖ ಪಿಚರ್ ಜಿಮ್ ಹಂಟರ್ ಅವರಿಗೆ ವರ್ಷಕ್ಕೆ ಒಂದು ಲಕ್ಷ ಡಾಲರ್ ಕೊಡಲು ಒಪ್ಪಿದ್ದರು. ಅದರಲ್ಲಿ ಅರ್ಧ ಮೊತ್ತವನ್ನು ವಿಮಾ ಯೋಜನೆಗೆ ತುಂಬಬೇಕಾಗಿತ್ತು; ಅದನ್ನು ತುಂಬಲಿಲ್ಲ. 1974ರ ಡಿಸೆಂಬರ್‌ನಲ್ಲಿ ಮಧ್ಯಸ್ಥಗಾರ ಪೀಟರ್ ಸೈಟ್ಜ್ ಅವರು ಕರಾರು ಮುರಿದಿದೆಯೆಂದು ತೀರ್ಮಾನಿಸಿ ಹಂಟರ್ ಅವರನ್ನು ಬಿಡುಗಡೆ ಮಾಡಿದರು. ಕೂಡಲೇ ತಂಡಗಳು ಅವರ ಊರಿಗೆ ಮುಗಿಬಿದ್ದವು. ನ್ಯೂಯಾರ್ಕ್ ಯಾಂಕೀಸ್ ತಂಡವು ಐದು ವರ್ಷಗಳಿಗೆ ಸುಮಾರು 35 ಲಕ್ಷ ಡಾಲರ್ ಕೊಟ್ಟು ಅವರನ್ನು ಪಡೆಯಿತು. ಕಟ್ಟು ಬಿಚ್ಚಿದಾಗ ಒಬ್ಬ ಆಟಗಾರನ ನಿಜವಾದ ಧಾರಣೆ ಎಷ್ಟೆಂಬುದು ಅಂದು ಎಲ್ಲರಿಗೂ ತಿಳಿಯಿತು. ಮರುವರ್ಷ ಅದೇ ಸೈಟ್ಜ್ ಅವರು ಆಂಡಿ ಮೆಸ್ಸರ್‌ಸ್ಮಿತ್ ಮತ್ತು ಡೇವ್ ಮೆಕ್‌ನ್ಯಾಲಿ ಅವರ ಪ್ರಕರಣದಲ್ಲಿ ನೀಡಿದ ತೀರ್ಪು ಕಾಯ್ದಿರಿಸುವ ಷರತ್ತಿನ ಬುಡವನ್ನೇ ಅಲುಗಿಸಿತು.

ಇಲ್ಲಿ ಆಟಗಾರರ ಸಂಘದ ಮುಖ್ಯಸ್ಥ ಮಾರ್ವಿನ್ ಮಿಲ್ಲರ್ ಅವರು ತೋರಿದ ಜಾಣ್ಮೆಯು ಮಾರುಕಟ್ಟೆ ಬಲ್ಲ ಪ್ರತಿಯೊಬ್ಬ ವರ್ತಕರೂ ಗಮನಿಸಬೇಕಾದದ್ದು. ಉಕ್ಕು ಕಾರ್ಮಿಕರ ಸಂಘದಲ್ಲಿ ಅರ್ಥಶಾಸ್ತ್ರಜ್ಞರಾಗಿ ದುಡಿದಿದ್ದ ಅವರು ಎಲ್ಲ ಆಟಗಾರರಿಗೂ ಒಮ್ಮೆಲೇ ಸ್ವಾತಂತ್ರ್ಯ ಸಿಗುವುದನ್ನು ಬಯಸಲಿಲ್ಲ. ಪ್ರತಿವರ್ಷ ಎಲ್ಲರನ್ನೂ ಮುಕ್ತಗೊಳಿಸಿಬಿಡಿ ಎಂದು ಸಹ ಮಾಲೀಕರಿಗೆ ಸೂಚಿಸಿದವರು ಅದೇ ಫಿನ್ಲೆ. ಆವಕ ಹೆಚ್ಚಿದರೆ ಧಾರಣೆ ಕುಸಿಯುತ್ತದೆ ಎಂಬುದು ನಮ್ಮ ಕೃಷಿ ಮಾರುಕಟ್ಟೆಯ ಪ್ರಾಂಗಣದಲ್ಲಿ ನಿಂತ ಯಾರಿಗಾದರೂ ಗೊತ್ತು. ಉಳಿದ ಮಾಲೀಕರು ಆ ಮಾತಿಗೆ ಕಿವಿಗೊಡಲಿಲ್ಲ. 1976ರ ಒಪ್ಪಂದದಲ್ಲಿ ಆರು ವರ್ಷ ಸೇವೆ ಪೂರೈಸಿದವರಿಗೆ ಮಾತ್ರ ಸ್ವಾತಂತ್ರ್ಯ ಎಂದು ನಿಗದಿಯಾಯಿತು. ಮಿಲ್ಲರ್ ಅವರಿಗೂ ಬೇಕಾಗಿದ್ದುದು ಅದೇ. ಪ್ರತಿ ಋತುವಿನಲ್ಲಿ ಕೆಲವರಷ್ಟೇ ಮಾರುಕಟ್ಟೆಗೆ ಬರುತ್ತಾರೆ. ಅವರಿಗಾಗಿ ಎಲ್ಲ ತಂಡಗಳೂ ಕೈಚಾಚುತ್ತವೆ. 1976ರಲ್ಲಿ ಸುಮಾರು 51,000 ಡಾಲರ್ ಇದ್ದ ಸರಾಸರಿ ವಾರ್ಷಿಕ ವೇತನ 1980ರ ವೇಳೆಗೆ ಸುಮಾರು 1,43,000 ಡಾಲರ್‌ಗಳಿಗೆ ಏರಿತು.

ಏಜೆಂಟರ ಪಾತ್ರ

ಈ ಮಾರುಕಟ್ಟೆಯಲ್ಲಿ ಆಟಗಾರನ ಪರವಾಗಿ ಬೆಲೆ ಕುದುರಿಸುವವರು ಏಜೆಂಟರು. ಒಪ್ಪಂದದ ಮೊತ್ತದಲ್ಲಿ ಶೇಕಡಾ ಐದರ ಆಸುಪಾಸಿನ ದಲ್ಲಾಳಿ ಅವರಿಗೆ ಸಲ್ಲುವುದು ರೂಢಿ. ರಾಡ್ರಿಗಸ್ ಅವರ ಪರವಾಗಿ ಮಾತುಕತೆ ನಡೆಸಿದವರು ಸ್ಕಾಟ್ ಬೋರಾಸ್. ಕಿರಿಯ ಲೀಗ್‌ಗಳಲ್ಲಿ ಆಡಿ, ನಂತರ ಕಾನೂನು ಓದಿದ ಬೋರಾಸ್ ಅವರು ಪ್ರತಿಯೊಬ್ಬ ಪ್ರಮುಖ ಆಟಗಾರನ ಅಂಕಿಅಂಶಗಳನ್ನು ದಪ್ಪ ಪುಸ್ತಕವಾಗಿ ಮುದ್ರಿಸಿ ತಂಡಗಳ ಮುಂದಿಡುವುದಕ್ಕೆ ಹೆಸರಾದವರು.

ಏಜೆಂಟರ ಬಲವಿರುವುದು ಕಾಯುವುದರಲ್ಲಿ. ವಾಷಿಂಗ್ಟನ್ ತಂಡವು 2022ರಲ್ಲಿ ಹ್ವಾನ್ ಸೋಟೊ ಅವರಿಗೆ ಹದಿನೈದು ವರ್ಷಗಳಿಗೆ 44 ಕೋಟಿ ಡಾಲರ್ ಕೊಡಲು ಮುಂದಾಯಿತು. ಬೋರಾಸ್ ಪ್ರತಿನಿಧಿಸುತ್ತಿದ್ದ ಸೋಟೊ ಅದನ್ನು ನಿರಾಕರಿಸಿದರು. 2024ರ ಡಿಸೆಂಬರ್‌ನಲ್ಲಿ ಸ್ವತಂತ್ರ ಆಟಗಾರರಾಗಿ ಅವರು ನ್ಯೂಯಾರ್ಕ್ ಮೆಟ್ಸ್‌ನಿಂದ ಅಷ್ಟೇ ವರ್ಷಗಳಿಗೆ ಪಡೆದದ್ದು 76.5 ಕೋಟಿ ಡಾಲರ್.

ಏಜೆಂಟರು ಮಾರುಕಟ್ಟೆಯಲ್ಲಿ ಆಟಗಾರನ ಬೆಲೆ ಏನೆಂಬುದನ್ನು ಹೇಳುತ್ತಾರೆ. ಅದು ಅವರ ಕರ್ತವ್ಯ. ಆ ಬೆಲೆಯನ್ನು ಒಂದು ನಿರ್ದಿಷ್ಟ ತಂಡ ತಾಳಬಲ್ಲದೇ ಎಂಬುದನ್ನು ಅವರು ಹೇಳುವುದಿಲ್ಲ. ಹೇಳಬೇಕಾದ ಹೊಣೆಯೂ ಅವರದಲ್ಲ. ಆ ಲೆಕ್ಕವನ್ನು ಮಾಲೀಕರೇ ಮಾತುಕತೆಗೆ ಮೊದಲು ಮಾಡಿಟ್ಟುಕೊಳ್ಳಬೇಕು.

ನಮಗೆ ಪರಿಚಿತವಾದ ಐಪಿಎಲ್ ಕ್ರಿಕೆಟ್‌ನಲ್ಲಿ ಈ ಲೆಕ್ಕವನ್ನು ಹರಾಜಿನ ನಿಯಮವೇ ಮಾಡಿಕೊಡುತ್ತದೆ. 2024ರ ನವೆಂಬರ್‌ನ ಹರಾಜಿನಲ್ಲಿ ಲಖನೌ ತಂಡವು ರಿಷಭ್ ಪಂತ್ ಅವರಿಗೆ 27 ಕೋಟಿ ರೂಪಾಯಿ ಕೊಟ್ಟಾಗ, ಪ್ರತಿ ತಂಡದ ಹರಾಜು ಮೊತ್ತಕ್ಕೆ 120 ಕೋಟಿಯ ಮಿತಿ ಇತ್ತು. ಬೇಸ್‌ಬಾಲ್‌ನಲ್ಲಿ ಅಂತಹ ಕಟ್ಟುನಿಟ್ಟಿನ ಮಿತಿಯಿಲ್ಲ. ನಿಗದಿತ ಮೊತ್ತವನ್ನು ದಾಟಿದ ತಂಡವು ತೆರಿಗೆ ಕಟ್ಟಬೇಕು, ಅಷ್ಟೆ. 2025ರಲ್ಲಿ ಆ ಮೊತ್ತ 24.1 ಕೋಟಿ ಡಾಲರ್ ಇತ್ತು. ಎಲ್ಲಿ ನಿಲ್ಲಬೇಕೆಂಬುದು ಮಾಲೀಕರ ವಿವೇಕಕ್ಕೆ ಬಿಟ್ಟದ್ದು.

ಉಳಿದ ಇಪ್ಪತ್ತನಾಲ್ವರು

ಟೆಕ್ಸಾಸ್ ತಂಡದಲ್ಲಿ ತಪ್ಪಿದ್ದು ಈ ಲೆಕ್ಕವೇ. 2001ರಲ್ಲಿ ತಂಡದ ಒಟ್ಟು ವೇತನ ವೆಚ್ಚ ಸುಮಾರು 8.8 ಕೋಟಿ ಡಾಲರ್. ಅದರಲ್ಲಿ ಸುಮಾರು ಕಾಲು ಭಾಗ, ಅಂದರೆ 2.2 ಕೋಟಿ ಡಾಲರ್, ಒಬ್ಬರಿಗೇ ಮೀಸಲು. ಆಗಿನ ನಿಯಮದಂತೆ ತಂಡದಲ್ಲಿ ಇಪ್ಪತ್ತೈದು ಆಟಗಾರರಿರಬೇಕು. ಬೇಸ್‌ಬಾಲ್‌ನಲ್ಲಿ ಚೆಂಡೆಸೆಯುವ ಪಿಚರ್‌ಗಳೇ ತಂಡದ ಬೆನ್ನೆಲುಬು. ಟೆಕ್ಸಾಸ್‌ನ ಪಿಚರ್‌ಗಳು ಆ ವರ್ಷ ಅಮೆರಿಕನ್ ಲೀಗ್‌ನಲ್ಲಿಯೇ ಅತ್ಯಂತ ದುರ್ಬಲರಾಗಿದ್ದರು. ಈ ಕೊರತೆಯನ್ನು ತುಂಬಲು ತಂಡವು ಅದೇ ವರ್ಷದ ಕೊನೆಯಲ್ಲಿ ಚಾನ್ ಹೋ ಪಾರ್ಕ್ ಎಂಬ ಪಿಚರ್‌ಗೆ ಐದು ವರ್ಷಗಳಿಗೆ 6.5 ಕೋಟಿ ಡಾಲರ್ ಕೊಡಲು ಒಪ್ಪಿತು. ಅವರ ಏಜೆಂಟರೂ ಬೋರಾಸ್ ಅವರೇ. ಗಾಯಗಳಿಂದ ಬಳಲಿದ ಪಾರ್ಕ್ ನಿರೀಕ್ಷೆಯನ್ನು ಮುಟ್ಟಲಿಲ್ಲ. 2005ರಲ್ಲಿ ಅವರನ್ನು ಬೇರೆ ತಂಡಕ್ಕೆ ಕೊಡಲಾಯಿತು.

ರಾಡ್ರಿಗಸ್ ಬಿಟ್ಟುಬಂದ ಸಿಯಾಟಲ್ ಮ್ಯಾರಿನರ್ಸ್ ತಂಡದ ಕಥೆ ಇದಕ್ಕೆ ತದ್ವಿರುದ್ಧ. ಅದು ಟೆಕ್ಸಾಸ್‌ನ ಬೆಲೆಗೆ ಸರಿಗಟ್ಟಲು ಹೋಗಲಿಲ್ಲ. ಬದಲಾಗಿ ಜಪಾನಿನ ಇಚಿರೊ ಸುಜುಕಿ ಅವರನ್ನು ಕರೆತಂದಿತು. ಅವರ ಹಳೆಯ ತಂಡಕ್ಕೆ ಸುಮಾರು 1.3 ಕೋಟಿ ಡಾಲರ್, ಅವರಿಗೆ ಮೂರು ವರ್ಷಗಳಿಗೆ ಸುಮಾರು 1.4 ಕೋಟಿ ಡಾಲರ್ ಕೊಟ್ಟಿತು. ಬ್ರೆಟ್ ಬೂನ್ ಅವರನ್ನು ಒಂದು ವರ್ಷಕ್ಕೆ 32.5 ಲಕ್ಷ ಡಾಲರ್‌ಗಳಿಗೆ ಸೇರಿಸಿಕೊಂಡಿತು. 2001ರಲ್ಲಿ ಇಚಿರೊ ಲೀಗ್‌ನ ಅತ್ಯಮೂಲ್ಯ ಆಟಗಾರರಾದರು. ಬೂನ್ 37 ಹೋಮ್‌ರನ್ ಹೊಡೆದರು. ಟೆಕ್ಸಾಸ್‌ಗಿಂತ ಕಡಿಮೆ ವೇತನ ವೆಚ್ಚದಲ್ಲಿ ಸಿಯಾಟಲ್ 116 ಪಂದ್ಯಗಳನ್ನು ಗೆದ್ದು, 1906ರ ಷಿಕಾಗೋ ಕಬ್ಸ್ ತಂಡದ ದಾಖಲೆಯನ್ನು ಸರಿಗಟ್ಟಿತು.

ತಾರೆಯನ್ನು ಬಿಟ್ಟುಕೊಟ್ಟರೆ ಸಾಕು, ಗೆಲುವು ತಾನಾಗಿ ಬರುತ್ತದೆ ಎಂದು ಇದರಿಂದ ಭಾವಿಸಬಾರದು. ಸಿಯಾಟಲ್ ಆ ವರ್ಷವೂ ಅಂತಿಮ ಸರಣಿಯನ್ನು ತಲುಪಲಿಲ್ಲ. 2001ರ ನಂತರ ಅದು ಮತ್ತೆ ಪ್ಲೇಆಫ್ ಹಂತಕ್ಕೆ ಬಂದದ್ದು 2022ರಲ್ಲಿ. ಒಂದು ಸರಿಯಾದ ತೀರ್ಮಾನ ಮುಂದಿನ ಇಪ್ಪತ್ತು ತೀರ್ಮಾನಗಳಿಗೆ ಬದಲಿಯಾಗಲಾರದು.

ಮುಂದೂಡಿದ ಬಾಕಿಯೂ ಬಾಕಿಯೇ

2004ರ ಫೆಬ್ರವರಿಯಲ್ಲಿ ಟೆಕ್ಸಾಸ್ ತಂಡವು ರಾಡ್ರಿಗಸ್ ಅವರನ್ನು ಯಾಂಕೀಸ್‌ಗೆ ಬಿಟ್ಟುಕೊಟ್ಟಿತು. ಬಾಕಿಯಿದ್ದ 17.9 ಕೋಟಿ ಡಾಲರ್‌ಗಳಲ್ಲಿ 6.7 ಕೋಟಿಯನ್ನು ತಾನೇ ಭರಿಸಲು ಒಪ್ಪಬೇಕಾಯಿತು. ಆ ವರ್ಷ ಅವರಿಲ್ಲದೆ ತಂಡವು 89 ಪಂದ್ಯಗಳನ್ನು ಗೆದ್ದಿತು.

ಲೆಕ್ಕ ಅಲ್ಲಿಗೆ ಮುಗಿಯಲಿಲ್ಲ. ವೇತನದ ಒಂದು ಭಾಗವನ್ನು ನಂತರದ ವರ್ಷಗಳಲ್ಲಿ ಕೊಡುವುದಾಗಿ ಮುಂದೂಡಲಾಗಿತ್ತು. 2009ರಲ್ಲಿ ಹಿಕ್ಸ್ ಅವರ ಕ್ರೀಡಾ ಸಂಸ್ಥೆಯು 52.5 ಕೋಟಿ ಡಾಲರ್‌ಗಳ ಸಾಲದ ಕಂತು ಕಟ್ಟಲಾರದೆ ಹೋಯಿತು. 2010ರ ಮೇ ತಿಂಗಳಲ್ಲಿ ತಂಡವು ದಿವಾಳಿ ಅರ್ಜಿ ಸಲ್ಲಿಸಿತು. ಭದ್ರತೆಯಿಲ್ಲದೆ ಹಣ ಬರಬೇಕಾದವರ ಪಟ್ಟಿಯ ಮೊದಲ ಹೆಸರು ಅಲೆಕ್ಸ್ ರಾಡ್ರಿಗಸ್, ಮೊತ್ತ 2.49 ಕೋಟಿ ಡಾಲರ್. ಆರು ವರ್ಷಗಳ ಹಿಂದೆಯೇ ತಂಡ ಬಿಟ್ಟಿದ್ದ ಅವರು ಆಗ ಎದುರಾಳಿ ತಂಡದಲ್ಲಿ ಆಡುತ್ತಿದ್ದರು. ದಿವಾಳಿಗೆ ಈ ಒಂದು ಒಪ್ಪಂದವೇ ಕಾರಣವಲ್ಲ. ಮಾಲೀಕರ ಇತರ ಸಾಲಗಳ ಹೊರೆ ಇನ್ನೂ ದೊಡ್ಡದಾಗಿತ್ತು. ಆದರೆ ಆದಾಯ ಕುಗ್ಗಿದ ದಿನ, ದೀರ್ಘಾವಧಿಗೆ ಬರೆದುಕೊಟ್ಟ ವೇತನ ತಾನಾಗಿ ಕುಗ್ಗುವುದಿಲ್ಲ. ಅದೇ ವರ್ಷದ ಅಕ್ಟೋಬರ್‌ನಲ್ಲಿ, ಹೊಸ ಮಾಲೀಕರ ಕೈಯಲ್ಲಿದ್ದ ಟೆಕ್ಸಾಸ್ ತಂಡವು ಯಾಂಕೀಸ್ ಅನ್ನು ಸೋಲಿಸಿ ಮೊದಲ ಬಾರಿಗೆ ವಿಶ್ವ ಸರಣಿಯನ್ನು ಪ್ರವೇಶಿಸಿತು. ಕೊನೆಯದಾಗಿ ಔಟಾದವರು ರಾಡ್ರಿಗಸ್.

ಇದಕ್ಕೆ ಪ್ರತಿಯಾಗಿ ಲಾಸ್ ಏಂಜಲೀಸ್ ಡಾಡ್ಜರ್ಸ್ ತಂಡವನ್ನು ನೋಡಬಹುದು. 2023ರ ಡಿಸೆಂಬರ್‌ನಲ್ಲಿ ಅದು ಶೊಹೆ ಒಟಾನಿ ಅವರಿಗೆ ಹತ್ತು ವರ್ಷಗಳಿಗೆ 70 ಕೋಟಿ ಡಾಲರ್ ಕೊಡಲು ಒಪ್ಪಿತು. ವಾರ್ಷಿಕ 7 ಕೋಟಿಯಲ್ಲಿ 6.8 ಕೋಟಿಯನ್ನು ಬಡ್ಡಿಯಿಲ್ಲದೆ 2034ರಿಂದ 2043ರವರೆಗೆ ಕೊಡಬೇಕು. ಹೀಗೆ ಮುಂದೂಡಿದ ಹಣಕ್ಕೆ ತಕ್ಕ ಮೊತ್ತವನ್ನು ತಂಡಗಳು ಮುಂಚಿತವಾಗಿಯೇ ತೆಗೆದಿರಿಸಬೇಕೆಂಬ ನಿಯಮವೂ ಇದೆ. ಡಾಡ್ಜರ್ಸ್ ಬಳಿ 2013ರಲ್ಲಿ ಮಾಡಿಕೊಂಡ, ಇಪ್ಪತ್ತೈದು ವರ್ಷಗಳ, 835 ಕೋಟಿ ಡಾಲರ್‌ಗಳ ದೂರದರ್ಶನ ಪ್ರಸಾರ ಒಪ್ಪಂದವಿದೆ. 2024 ಮತ್ತು 2025ರಲ್ಲಿ ಅದು ವಿಶ್ವ ಸರಣಿಯನ್ನು ಗೆದ್ದಿತು. ದೀರ್ಘಾವಧಿಯ ವೆಚ್ಚಕ್ಕೆ ಎದುರಾಗಿ ದೀರ್ಘಾವಧಿಯ ಆದಾಯ ಅಲ್ಲಿ ಮೊದಲೇ ಬರೆದಿತ್ತು.

ನಿನ್ನೆಯ ಕೆಲಸಕ್ಕೆ ನಾಳೆಯ ಬೆಲೆ

ಇನ್ನೊಂದು ಅಂಶವೆಂದರೆ ವಯಸ್ಸು. ಆರು ವರ್ಷಗಳ ಸೇವೆ ಮುಗಿಯುವ ವೇಳೆಗೆ ಅನೇಕ ಆಟಗಾರರು ಮೂವತ್ತರ ಹತ್ತಿರ ಬಂದಿರುತ್ತಾರೆ. ಸೇಂಟ್ ಲೂಯಿ ಕಾರ್ಡಿನಲ್ಸ್ ತಂಡವು 2011ರಲ್ಲಿ ವಿಶ್ವ ಸರಣಿ ಗೆದ್ದ ಕೆಲವೇ ವಾರಗಳಲ್ಲಿ ತನ್ನ ಆರಾಧ್ಯ ಆಟಗಾರ ಆಲ್ಬರ್ಟ್ ಪುಹೋಲ್ಸ್ ಅವರನ್ನು ಕಳೆದುಕೊಂಡಿತು. ಮೂವತ್ತೊಂದು ವರ್ಷದ ಅವರಿಗೆ ಏಂಜಲ್ಸ್ ತಂಡವು ಹತ್ತು ವರ್ಷಗಳಿಗೆ ಸುಮಾರು 24 ಕೋಟಿ ಡಾಲರ್ ಕೊಟ್ಟಿತು. ಆ ಅವಧಿಯಲ್ಲಿ ಏಂಜಲ್ಸ್ ಪ್ಲೇಆಫ್ ತಲುಪಿದ್ದು 2014ರಲ್ಲಿ ಒಮ್ಮೆ ಮಾತ್ರ. 2021ರಲ್ಲಿ ಅವಧಿ ಮುಗಿಯುವ ಮುನ್ನವೇ ಅವರನ್ನು ತಂಡದಿಂದ ಬಿಡುಗಡೆ ಮಾಡಲಾಯಿತು. ಕಾರ್ಡಿನಲ್ಸ್ ತಂಡವು ಪುಹೋಲ್ಸ್ ಹೋದದ್ದಕ್ಕೆ ಪರಿಹಾರವಾಗಿ ದೊರೆತ ಆಯ್ಕೆಯ ಹಕ್ಕಿನಿಂದ ಮೈಕೆಲ್ ವಾಕಾ ಎಂಬ ಯುವ ಪಿಚರ್‌ನನ್ನು ಪಡೆದು, 2013ರಲ್ಲಿ ಮತ್ತೆ ವಿಶ್ವ ಸರಣಿಯನ್ನು ತಲುಪಿತು.

ನಮ್ಮ ಲೆಕ್ಕಕ್ಕೆ

ನಮ್ಮ ಸಣ್ಣ ಕೈಗಾರಿಕೆಗಳಲ್ಲಿ ಯಾರೂ ಕೋಟಿ ಡಾಲರ್‌ಗಳ ಕರಾರು ಬರೆಯುವುದಿಲ್ಲ. ಆದರೆ ನುರಿತ ಟೂಲ್‌ರೂಮ್ ಮೇಸ್ತ್ರಿ, ಗಿರಾಕಿಗಳನ್ನೆಲ್ಲ ಬಲ್ಲ ಮಾರಾಟ ವ್ಯವಸ್ಥಾಪಕ, ಬಣ್ಣದ ಮಿಶ್ರಣ ತಿಳಿದ ಹಿರಿಯ ಕೆಲಸಗಾರ ಇವರಲ್ಲಿ ಒಬ್ಬರು ಹೆಚ್ಚಿನ ಸಂಬಳದ ಬೇರೊಂದು ಪತ್ರವನ್ನು ಮೇಜಿನ ಮೇಲಿಡುವ ದಿನ ಪ್ರತಿ ಉದ್ದಿಮೆಗೂ ಬರುತ್ತದೆ. ಆ ದಿನದ ಆತಂಕದಲ್ಲಿ ಲೆಕ್ಕ ಮಾಡಲು ಕುಳಿತರೆ ಎದುರಿನವರು ಹೇಳಿದ ಅಂಕಿಯೇ ನಮ್ಮ ಅಂಕಿಯಾಗುತ್ತದೆ.

ಆದ್ದರಿಂದ ಮೂರು ಪ್ರಶ್ನೆಗಳಿಗೆ ಉತ್ತರವನ್ನು ಮೊದಲೇ ಬರೆದಿಟ್ಟುಕೊಳ್ಳುವುದು ಲೇಸು. ಈ ವ್ಯಕ್ತಿಗೆ ಕೊಟ್ಟ ಮೇಲೆ ಉಳಿದವರಿಗೆ ಕೊಡಲು ಏನು ಉಳಿಯುತ್ತದೆ? ಈ ವೆಚ್ಚದ ಅವಧಿಗೆ ಸಮನಾದ ಆದಾಯ ಕೈಯಲ್ಲಿದೆಯೇ, ಅಥವಾ ಬರೀ ನಿರೀಕ್ಷೆಯಲ್ಲಿದೆಯೇ? ಇದೇ ಹಣದಿಂದ ಇಬ್ಬರು ಮೂವರು ಕಿರಿಯರನ್ನು ತಯಾರು ಮಾಡಲು ಸಾಧ್ಯವೇ? ಈ ಮೂರಕ್ಕೂ ಸಮಾಧಾನಕರ ಉತ್ತರ ದೊರೆತರೆ ಕೇಳಿದ ಸಂಬಳ ಕೊಡಲು ಹಿಂಜರಿಯಬೇಕಾಗಿಲ್ಲ. ಕೌಶಲಕ್ಕೆ ತಕ್ಕ ಬೆಲೆ ಕೇಳುವುದು ಕೆಲಸಗಾರನ ಹಕ್ಕು. ಬೇಸ್‌ಬಾಲ್ ಆಟಗಾರರು ಆ ಹಕ್ಕಿಗಾಗಿ ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಬೇಕಾಯಿತು. ಉತ್ತರ ದೊರೆಯದಿದ್ದರೆ, ಹೋಗುವವರನ್ನು ಗೌರವದಿಂದ ಕಳುಹಿಸಿ, ಉಳಿಯುವವರ ಸಂಬಳವನ್ನು ಒಂದಿಷ್ಟು ಏರಿಸುವುದು ಉದ್ದಿಮೆಗೆ ಕ್ಷೇಮ.